ಮೆದುಳಿನ ರಕ್ತನಾಳ ಕಿರಿದಾಗಿದೆ ಎಂದರೆ ಸ್ಟೆಂಟ್ ಹಾಕಿಸಲೇಬೇಕೇ?

ಪ್ರಶ್ನೆ: ನನ್ನ ತಂದೆಯವರಿಗೆ 68 ವರ್ಷ. ನಿವೃತ್ತ ಶಿಕ್ಷಕರು, ದಾವಣಗೆರೆಯಲ್ಲಿದ್ದಾರೆ. ಬಹಳ ವರ್ಷಗಳಿಂದ ಬಿಪಿ ಮತ್ತು ಶುಗರ್ ಇವೆ. ಬಿಪಿ ಮಾತ್ರೆಯನ್ನು ತಲೆಭಾರ ಅನ್ನಿಸಿದ ದಿನ ಮಾತ್ರ ತೆಗೆದುಕೊಳ್ಳುತ್ತಾರೆ. ಊಟವಾದ ಮೇಲೆ ಎಲೆ ಅಡಿಕೆಯ ಜೊತೆ ಹೊಗೆಸೊಪ್ಪು ಬೇಕು. ಕಳೆದ ತಿಂಗಳು ಬೆಳಿಗ್ಗೆ ಪೇಪರ್ ಓದುತ್ತಿದ್ದಾಗ ಬಲಗೈ ಸೋತು ಪೇಪರ್ ಜಾರಿ ಬಿತ್ತು, ಮಾತು ತೊದಲಿತು. ಹತ್ತು ಹದಿನೈದು ನಿಮಿಷದಲ್ಲಿ ಎಲ್ಲ ಸರಿಹೋಯಿತೆಂದು ಸುಮ್ಮನಿದ್ದು, ನಾಲ್ಕು ದಿನ ಬಿಟ್ಟು ತೋರಿಸಿದೆವು. ಎಂಆರ್‌ಐ ವರದಿಯಲ್ಲಿ ಮೆದುಳಿನ ಎಡಭಾಗದ ಮಧ್ಯ ಅಪಧಮನಿ ಶೇ 60ರಷ್ಟು ಕಿರಿದಾಗಿದೆ, ಸಣ್ಣ ರಕ್ತನಾಳಗಳಲ್ಲಿಯೂ ಹಳೆಯ ಬದಲಾವಣೆಗಳಿವೆ ಎಂದಿದೆ. ವೈದ್ಯರು ಆ್ಯಸ್ಪಿರಿನ್, ಕ್ಲೊಪಿಡೊಗ್ರೆಲ್ ಮತ್ತು ಅಟೊರ್ವಾಸ್ಟಾಟಿನ್ 40 ಬರೆದುಕೊಟ್ಟಿದ್ದಾರೆ. ಎಲ್‌ಡಿಎಲ್ ಕೊಲೆಸ್ಟರಾಲ್ 112 ಇದ್ದು, ಲ್ಯಾಬಿನವರು ನಾರ್ಮಲ್ ಎಂದೇ ನಮೂದಿಸಿದ್ದಾರೆ. ಹಾಗಿದ್ದಮೇಲೆ ಆ ಮಾತ್ರೆ ಏಕೆ? ಹೃದಯಕ್ಕೆ ಹಾಕುವಂತೆ ಮೆದುಳಿಗೂ ಸ್ಟೆಂಟ್ ಹಾಕಿಸಬಾರದೇ? ಪೈಪಿನೊಳಗಿನ ಕಿಲುಬು ತೆಗೆದಂತೆ ರಕ್ತನಾಳ ಶುದ್ಧ ಮಾಡುವ ಡ್ರಿಪ್ ಇದೆ ಎಂದು ನೆಂಟರೊಬ್ಬರು ಒತ್ತಾಯಿಸುತ್ತಿದ್ದಾರೆ. ಇತ್ತೀಚೆಗೆ ಅಪ್ಪನಿಗೆ ಮರೆವೂ ಹೆಚ್ಚಾಗಿದೆ. ದಾರಿ ತೋರಿಸಿ.

ಉತ್ತರ: ನಿಮ್ಮ ಪತ್ರದಲ್ಲಿ ನೀವು ಅಷ್ಟಾಗಿ ಒತ್ತು ಕೊಡದ ಸಂಗತಿಯೇ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುತ್ತದೆ. ಹತ್ತು ಹದಿನೈದು ನಿಮಿಷ ಬಲಗೈ ಸೋತು ಮಾತು ತೊದಲಿದ್ದು ದಣಿವಿನಿಂದಲೋ ಗ್ಯಾಸಿನಿಂದಲೋ ಆದದ್ದಲ್ಲ. ಅದು ತಾತ್ಕಾಲಿಕ ಪಾರ್ಶ್ವವಾಯು, ಅಂದರೆ ಬಂದು ಹೋದ ಲಕ್ವ. ಬಲಗೈ ಮತ್ತು ಮಾತು ಎರಡನ್ನೂ ಬಹುಮಟ್ಟಿಗೆ ನಿಯಂತ್ರಿಸುವುದು ಮೆದುಳಿನ ಎಡಭಾಗ, ಕಿರಿದಾಗಿರುವ ಅಪಧಮನಿ ರಕ್ತ ಪೂರೈಸುವುದೂ ಅದೇ ಭಾಗಕ್ಕೆ. ವರದಿಗೂ ಲಕ್ಷಣಕ್ಕೂ ಇಷ್ಟು ನೇರವಾಗಿ ಹೊಂದಿಕೆಯಾಗುವಾಗ, ಇದನ್ನು ವಯಸ್ಸಿನಿಂದ ಆಗುವ ಬದಲಾವಣೆ ಎಂದು ಬದಿಗಿಡುವಂತಿಲ್ಲ. ಇಂಥ ಘಟನೆಯಾದವರಲ್ಲಿ ಮುಂದಿನ ಮೂರು ತಿಂಗಳಲ್ಲಿ ಸುಮಾರು ಹತ್ತರಲ್ಲಿ ಒಬ್ಬರಿಗೆ ನಿಜವಾದ ಪಾರ್ಶ್ವವಾಯು ಆಗುತ್ತದೆ, ಅದರಲ್ಲಿ ಅರ್ಧದಷ್ಟು ಮೊದಲ ಎರಡು ದಿನಗಳಲ್ಲಿಯೇ ಸಂಭವಿಸುತ್ತದೆ ಎಂಬುದು 2000ದಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನದಿಂದ ತಿಳಿದುಬಂತು. ತಕ್ಷಣ ಚಿಕಿತ್ಸೆ ಆರಂಭಿಸಿದರೆ ಈ ಅಪಾಯವನ್ನು ಬಹುಪಾಲು ತಗ್ಗಿಸಬಹುದು ಎಂದು 2007ರಲ್ಲಿ ಆಕ್ಸ್‌ಫರ್ಡಿನ ಅಧ್ಯಯನ ತೋರಿಸಿತು. ನಿಮ್ಮ ತಂದೆಯವರು ಆ ಮೊದಲ ದಿನಗಳನ್ನು ದಾಟಿದ್ದಾರೆ, ಆದರೆ ಅಪಾಯದ ಕಾಲ ಇನ್ನೂ ಮುಗಿದಿಲ್ಲ. ಆದ್ದರಿಂದ ಈಗ ಕೇಳಬೇಕಾದ ಪ್ರಶ್ನೆ ಕಿರಿದಾದ ನಾಳವನ್ನು ಹಿಗ್ಗಿಸುವುದು ಹೇಗೆ ಎಂಬುದಲ್ಲ, ಮುಂದಿನ ಆಘಾತವನ್ನು ತಡೆಯುವುದು ಹೇಗೆ ಎಂಬುದು. ಚಿಕಿತ್ಸೆಯ ಪ್ರತಿಯೊಂದು ಅಂಶವನ್ನೂ ಈ ಕಣ್ಣಿನಿಂದಲೇ ನೋಡಬೇಕು.

ನಿಮ್ಮ ನೆಂಟರ ಪೈಪಿನ ಹೋಲಿಕೆ ಕೇಳಲು ಸುಲಭವಾಗಿದ್ದರೂ ದಾರಿ ತಪ್ಪಿಸುತ್ತದೆ. ಪೈಪಿನಲ್ಲಿ ಕಿಲುಬು ಒಳಮೈಗೆ ಮೇಲಿನಿಂದ ಅಂಟಿಕೊಂಡಿರುತ್ತದೆ. ಅಪಧಮನಿಯಲ್ಲಿ ಜಿಡ್ಡು ಶೇಖರವಾಗುವುದು ಗೋಡೆಯ ಪದರಗಳ ನಡುವೆ, ಒಳಪೊರೆಯ ಅಡಿಯಲ್ಲಿ. ಅಲ್ಲಿ ಕೊಲೆಸ್ಟರಾಲ್, ಉರಿಯೂತದ ಕೋಶಗಳು, ನಾರಿನಂಥ ಅಂಗಾಂಶ ಮತ್ತು ಸುಣ್ಣದ ಅಂಶ ಎಲ್ಲವೂ ಸೇರಿ ಗಡ್ಡೆಯಾಗುತ್ತವೆ. ಅಪಾಯ ಬರುವುದು ಆ ಗಡ್ಡೆಯ ಮೇಲಿನ ತೆಳುಪೊರೆ ಬಿರುಕು ಬಿಟ್ಟಾಗ. ಬಿರುಕಿನ ಮೇಲೆ ರಕ್ತ ಹೆಪ್ಪುಗಟ್ಟಿ, ಅದರ ಚೂರು ಮುಂದಿನ ಕವಲಿಗೆ ಹೋಗಿ ಸಿಕ್ಕಿಕೊಂಡರೆ ಅಲ್ಲಿಂದಾಚೆಗೆ ರಕ್ತ ಹೋಗುವುದಿಲ್ಲ. ಡ್ರಿಪ್ಪಿನಲ್ಲಿ ಏನನ್ನೇ ಹರಿಸಿದರೂ ಗೋಡೆಯೊಳಗಿನ ಗಡ್ಡೆ ಕರಗಿ ಬರುವುದಿಲ್ಲ. ರಕ್ತನಾಳ ಶುದ್ಧೀಕರಣದ ಹೆಸರಿನಲ್ಲಿ ನಡೆಯುವ ಕೀಲೇಶನ್ ಡ್ರಿಪ್ಪುಗಳಿಂದ ಮೆದುಳಿನ ಅಪಧಮನಿಗೆ ಪ್ರಯೋಜನವಿದೆ ಎಂಬುದಕ್ಕೆ ಆಧಾರವಿಲ್ಲ. ದಯವಿಟ್ಟು ಆ ಹಣವನ್ನು ಉಳಿಸಿಕೊಳ್ಳಿ.

ಸ್ಟೆಂಟ್ ವಿಚಾರವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಹೃದಯದ ಸ್ಟೆಂಟ್ ನಮ್ಮ ಜನರಿಗೆ ಈಗ ಚಿರಪರಿಚಿತ, ಅದೇ ತರ್ಕವನ್ನು ಮೆದುಳಿಗೂ ಹಚ್ಚುವುದು ಸಹಜ. ವೈದ್ಯರೂ ಒಂದು ಕಾಲಕ್ಕೆ ಹಾಗೆಯೇ ಯೋಚಿಸಿದ್ದರು. ಆ ಊಹೆಯನ್ನು ಒರೆಗೆ ಹಚ್ಚಿದ್ದು ಸ್ಯಾಂಪ್ರಿಸ್ ಎಂಬ ಅಮೆರಿಕದ ಪ್ರಯೋಗ. ಮೆದುಳಿನೊಳಗಿನ ದೊಡ್ಡ ಅಪಧಮನಿ ಶೇ 70ರಿಂದ 99ರಷ್ಟು ಕಿರಿದಾಗಿ, ಆಗಷ್ಟೇ ಪಾರ್ಶ್ವವಾಯು ಅಥವಾ ತಾತ್ಕಾಲಿಕ ಪಾರ್ಶ್ವವಾಯು ಆಗಿದ್ದ 451 ಮಂದಿಯನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಬಿಗಿಯಾದ ಔಷಧ ಚಿಕಿತ್ಸೆಯನ್ನೂ ಇನ್ನೊಂದಕ್ಕೆ ಅದರ ಜೊತೆಗೆ ಸ್ಟೆಂಟನ್ನೂ ನೀಡಲಾಯಿತು. 2011ರಲ್ಲಿ ಫಲಿತಾಂಶ ಹೊರಬಂದಾಗ, 30 ದಿನಗಳೊಳಗೆ ಪಾರ್ಶ್ವವಾಯು ಅಥವಾ ಸಾವು ಸಂಭವಿಸಿದ ಪ್ರಮಾಣ ಸ್ಟೆಂಟ್ ಗುಂಪಿನಲ್ಲಿ ಶೇ 14.7 ಇದ್ದರೆ, ಔಷಧ ಮಾತ್ರ ಪಡೆದವರಲ್ಲಿ ಶೇ 5.8 ಇತ್ತು. ಪ್ರಯೋಗಕ್ಕೆ ಹೊಸಬರನ್ನು ಸೇರಿಸಿಕೊಳ್ಳುವುದನ್ನು ನಡುವೆಯೇ ನಿಲ್ಲಿಸಬೇಕಾಯಿತು. ಮೆದುಳಿನ ಅಪಧಮನಿಯ ಗೋಡೆ ಹೃದಯದ ನಾಳಕ್ಕಿಂತ ತೆಳು, ಅದರ ಮೈಯಿಂದ ಕೂದಲೆಳೆಯಂಥ ಕವಲುಗಳು ಹೊರಟು ಮೆದುಳಿನ ಆಳಕ್ಕೆ ಇಳಿಯುತ್ತವೆ. ಸ್ಟೆಂಟ್ ಹಿಗ್ಗಿದಾಗ ಗಡ್ಡೆ ಪಕ್ಕಕ್ಕೆ ಸರಿದು ಆ ಕವಲುಗಳ ಬಾಯಿ ಮುಚ್ಚಬಹುದು, ಕೆಲವೊಮ್ಮೆ ನಾಳವೇ ಒಡೆದು ರಕ್ತಸ್ರಾವವಾಗಬಹುದು. ರೋಗಿಗಳನ್ನು ಇನ್ನೂ ಜಾಗ್ರತೆಯಿಂದ ಆರಿಸಿ ಚೀನಾದಲ್ಲಿ ನಡೆಸಿದ, 2022ರಲ್ಲಿ ಪ್ರಕಟವಾದ ಪ್ರಯೋಗದಲ್ಲಿಯೂ ಸ್ಟೆಂಟಿನಿಂದ ಹೆಚ್ಚುವರಿ ಲಾಭ ಕಾಣಲಿಲ್ಲ. 2024ರಲ್ಲಿ ಚೀನಾದಿಂದಲೇ ಬಂದ ಮತ್ತೊಂದು ಪ್ರಯೋಗದಲ್ಲಿ, ಸ್ಟೆಂಟ್ ಬಿಡದೆ ಸಣ್ಣ ಬಲೂನಿನಿಂದ ನಾಳವನ್ನು ನಿಧಾನವಾಗಿ ಹಿಗ್ಗಿಸಿದವರಲ್ಲಿ ಒಳ್ಳೆಯ ಫಲಿತಾಂಶ ಕಂಡಿದೆ ಎಂಬುದನ್ನೂ ಹೇಳಿಬಿಡುತ್ತೇನೆ. ಆದರೆ ಅದು ಶೇ 70ಕ್ಕಿಂತ ಹೆಚ್ಚು ಕಿರಿದಾದವರಿಗೆ, ನುರಿತ ಕೇಂದ್ರಗಳಲ್ಲಿ ಮಾಡಿದ್ದು. ಶೇ 60ರಷ್ಟು ಕಿರಿದಾಗಿ, ಔಷಧವನ್ನು ಇನ್ನೂ ಸರಿಯಾಗಿ ಆರಂಭಿಸಿಯೇ ಇರದ ನಿಮ್ಮ ತಂದೆಯವರಿಗೆ ಇವೆರಡೂ ಈಗ ಬೇಡ. ಎಲ್ಲ ಔಷಧವನ್ನೂ ತಪ್ಪದೆ ತೆಗೆದುಕೊಳ್ಳುತ್ತಿದ್ದರೂ ಅದೇ ನಾಳದಿಂದ ಮತ್ತೆ ಮತ್ತೆ ತೊಂದರೆಯಾದರೆ ಮಾತ್ರ ಆ ಚರ್ಚೆಗೆ ಅರ್ಥವಿದೆ.

ಕುತ್ತಿಗೆಯ ಅಪಧಮನಿಯ ಲೆಕ್ಕ ಬೇರೆ. ಕೆರೋಟಿಡ್ ಎಂಬ ಆ ನಾಳ ಶೇ 70ಕ್ಕಿಂತ ಹೆಚ್ಚು ಕಿರಿದಾಗಿದ್ದು ಲಕ್ಷಣವೂ ಕಂಡುಬಂದಿದ್ದರೆ, ಗಡ್ಡೆಯನ್ನು ಶಸ್ತ್ರಚಿಕಿತ್ಸೆಯಿಂದ ತೆಗೆಯುವುದರಿಂದ ಸ್ಪಷ್ಟ ಲಾಭವಿದೆ ಎಂದು 1991ರಲ್ಲಿಯೇ ಸಾಬೀತಾಗಿದೆ. ಲಕ್ಷಣ ಕಂಡ ಎರಡು ವಾರಗಳೊಳಗೆ ಮಾಡಿದರೆ ಆ ಲಾಭ ಹೆಚ್ಚು. ನಿಮ್ಮ ತಂದೆಯವರಿಗೆ ಕುತ್ತಿಗೆಯ ಡಾಪ್ಲರ್ ಅಥವಾ ಆಂಜಿಯೋಗ್ರಾಂ ಆಗಿದೆಯೇ ಎಂದು ನೀವು ಬರೆದಿಲ್ಲ. ಆಗಿರದಿದ್ದರೆ ಈ ವಾರವೇ ಮಾಡಿಸಿ. ಇಸಿಜಿಯ ಜೊತೆಗೆ, ಸಾಧ್ಯವಾದರೆ ಒಂದೆರಡು ದಿನ ಹೃದಯದ ಬಡಿತವನ್ನು ದಾಖಲಿಸುವ ಹೋಲ್ಟರ್ ಪರೀಕ್ಷೆಯೂ ಆಗಲಿ. ಬಡಿತ ಅನಿಯಮಿತವಾಗಿದ್ದು ಹೃದಯದಲ್ಲಿ ಹೆಪ್ಪು ಕಟ್ಟುತ್ತಿದ್ದರೆ ಆ್ಯಸ್ಪಿರಿನ್ ಸಾಲುವುದಿಲ್ಲ, ಬೇರೆ ಬಗೆಯ ಔಷಧ ಬೇಕಾಗುತ್ತದೆ. ಅಂಥದ್ದೇನೂ ಇಲ್ಲದೆ ಮೆದುಳಿನ ನಾಳ ಮಾತ್ರ ಕಿರಿದಾಗಿದ್ದರೆ ವಾರ್ಫರಿನ್‌ನಂಥ ಔಷಧಗಳು ಆ್ಯಸ್ಪಿರಿನ್‌ಗಿಂತ ಮೇಲಲ್ಲ, ರಕ್ತಸ್ರಾವ ಮಾತ್ರ ಹೆಚ್ಚು ಎಂಬುದು 2005ರಲ್ಲಿ ಖಚಿತವಾಗಿದೆ.

ಇನ್ನು ಮಾತ್ರೆಗಳ ವಿಷಯ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಆ್ಯಸ್ಪಿರಿನ್ ಮತ್ತು ಕ್ಲೊಪಿಡೊಗ್ರೆಲ್ ಎರಡನ್ನೂ ಒಟ್ಟಿಗೆ ಕೊಡುವುದು ಅವಧಿ ನಿಗದಿಯಾದ ಚಿಕಿತ್ಸೆ. ತಾತ್ಕಾಲಿಕ ಪಾರ್ಶ್ವವಾಯು ಆದವರಿಗೆ ಸಾಮಾನ್ಯವಾಗಿ ಮೂರು ವಾರ, ಮೆದುಳಿನ ದೊಡ್ಡ ನಾಳ ತೀವ್ರವಾಗಿ ಕಿರಿದಾಗಿದ್ದರೆ ಮೂರು ತಿಂಗಳು, ಅನಂತರ ಒಂದೇ ಮಾತ್ರೆ ಜೀವನಪರ್ಯಂತ. ನಿಮ್ಮ ತಂದೆಯವರದು ಇವೆರಡರ ನಡುವಿನ ಸ್ಥಿತಿ. ಆದ್ದರಿಂದ ಯಾವ ದಿನಾಂಕದಂದು ಎರಡರಲ್ಲಿ ಒಂದನ್ನು ನಿಲ್ಲಿಸಬೇಕು ಎಂದು ವೈದ್ಯರನ್ನು ನೇರವಾಗಿ ಕೇಳಿ, ಚೀಟಿಯ ಮೇಲೆಯೇ ಬರೆಸಿಕೊಳ್ಳಿ. ಮೂರು ವಾರಕ್ಕೆಂದು ಬರೆದ ಜೋಡಿ ಮಾತ್ರೆಯನ್ನು ಹಳೆಯ ಚೀಟಿ ತೋರಿಸಿ ಮೂರು ವರ್ಷ ನುಂಗಿದವರು ಹೊಟ್ಟೆಯ ರಕ್ತಸ್ರಾವದೊಂದಿಗೆ ಬರುವುದನ್ನು ನಾವು ಕಾಣುತ್ತಲೇ ಇರುತ್ತೇವೆ. ಸಣ್ಣ ರಕ್ತನಾಳಗಳ ಪಾರ್ಶ್ವವಾಯುವಿಗೆ ಎರಡನ್ನೂ ದೀರ್ಘಕಾಲ ಕೊಟ್ಟು ನೋಡಿದ ದೊಡ್ಡ ಪ್ರಯೋಗದಲ್ಲಿ ಪಾರ್ಶ್ವವಾಯು ಕಡಿಮೆಯಾಗಲಿಲ್ಲ, ಗಂಭೀರ ರಕ್ತಸ್ರಾವ ಹೆಚ್ಚುಕಡಿಮೆ ಇಮ್ಮಡಿಯಾಯಿತು. ನಿಮ್ಮ ತಂದೆಯವರ ಸಣ್ಣ ನಾಳಗಳಲ್ಲಿಯೂ ಬದಲಾವಣೆ ಇರುವುದರಿಂದ ಈ ಮಾತು ಅವರಿಗೆ ಇನ್ನೂ ಹೆಚ್ಚು ಅನ್ವಯಿಸುತ್ತದೆ. ಎಂಆರ್‌ಐನಲ್ಲಿ ಸೂಕ್ಷ್ಮ ರಕ್ತಸ್ರಾವದ ಚುಕ್ಕೆಗಳೇನಾದರೂ ಇವೆಯೇ ಎಂಬುದನ್ನೂ ಕೇಳಿ ತಿಳಿದುಕೊಳ್ಳಿ.

ಈ ಮಾತ್ರೆಗಳ ಜೊತೆಗೆ ಮನೆಯಲ್ಲಿ ಇನ್ನೇನು ನಡೆಯುತ್ತಿದೆ ಎಂಬುದೂ ಅಷ್ಟೇ ಮುಖ್ಯ. ಗ್ಯಾಸಿನ ಮಾತ್ರೆ ಎಂದು ಮೆಡಿಕಲ್ ಶಾಪಿನಿಂದ ತರುವ ಒಮೆಪ್ರಜೋಲ್, ಕ್ಲೊಪಿಡೊಗ್ರೆಲ್‌ನ ಶಕ್ತಿಯನ್ನು ಕುಗ್ಗಿಸುತ್ತದೆ. ಹೊಟ್ಟೆಯ ರಕ್ಷಣೆಗೆ ಅಂಥ ಮಾತ್ರೆ ಬೇಕೇ ಇದ್ದರೆ ಪ್ಯಾಂಟೊಪ್ರಜೋಲ್ ಮೇಲು. ಮಂಡಿ ನೋವಿಗೆ ನುಂಗುವ ಐಬುಪ್ರೊಫೆನ್ ಆ್ಯಸ್ಪಿರಿನ್‌ನ ಕೆಲಸಕ್ಕೆ ಅಡ್ಡಬರುತ್ತದೆ. ಡೈಕ್ಲೊಫಿನಾಕ್‌ನಂಥವು ಬಿಪಿಯನ್ನು ಏರಿಸುವುದಲ್ಲದೆ ಹೊಟ್ಟೆಯ ರಕ್ತಸ್ರಾವದ ಸಾಧ್ಯತೆಯನ್ನೂ ಹೆಚ್ಚಿಸುತ್ತವೆ. ಬೆಳ್ಳುಳ್ಳಿಯನ್ನು ಒಗ್ಗರಣೆಗೆ ಧಾರಾಳವಾಗಿ ಹಾಕಿ, ಆದರೆ ಬೆಳ್ಳುಳ್ಳಿಯ ಅಥವಾ ಗಿಂಕೊ ಎಂಬ ಮರದ ಎಲೆಯ ಸಾರದ ಕ್ಯಾಪ್ಸೂಲುಗಳನ್ನು ಇವುಗಳ ಜೊತೆಗೆ ಸೇರಿಸಬೇಡಿ. ಮಲ ಟಾರಿನಂತೆ ಕಪ್ಪಾದರೆ ತಡಮಾಡದೆ ತೋರಿಸಿ.

ಎಲ್‌ಡಿಎಲ್ 112 ಎಂಬುದು ಲ್ಯಾಬಿನ ಕಾಗದದಲ್ಲಿ ನಾರ್ಮಲ್ ಆಗಿರಬಹುದು. ಆ ಮಿತಿ ಆರೋಗ್ಯವಂತರಿಗೆಂದು ಹಾಕಿದ್ದು. ಅಪಧಮನಿಯಲ್ಲಿ ಜಿಡ್ಡಿನ ಗಡ್ಡೆ ಇದೆ ಎಂದು ಕಣ್ಣಿಗೆ ಕಂಡ ಮೇಲೆ ಗುರಿ 70ಕ್ಕಿಂತ ಕಡಿಮೆ. ಫ್ರಾನ್ಸ್ ಮತ್ತು ದಕ್ಷಿಣ ಕೊರಿಯಾದಲ್ಲಿ ನಡೆದು 2020ರಲ್ಲಿ ಪ್ರಕಟವಾದ ಪ್ರಯೋಗ ಇಂಥ ರೋಗಿಗಳನ್ನೇ ತೆಗೆದುಕೊಂಡು, 90ರಿಂದ 110ರ ನಡುವೆ ಇಟ್ಟುಕೊಂಡವರಿಗಿಂತ 70ರ ಕೆಳಗೆ ಇಳಿಸಿಕೊಂಡವರಲ್ಲಿ ಮುಂದಿನ ಹೃದಯ ಮತ್ತು ಮೆದುಳಿನ ಆಘಾತಗಳು ಕಡಿಮೆ ಎಂದು ತೋರಿಸಿತು. ಅಟೊರ್ವಾಸ್ಟಾಟಿನ್ ಮಾಡುವ ಕೆಲಸ ರಕ್ತದ ಕೊಲೆಸ್ಟರಾಲ್ ಇಳಿಸುವುದಷ್ಟೇ ಅಲ್ಲ. ಗಡ್ಡೆಯೊಳಗಿನ ಉರಿಯೂತವನ್ನು ತಗ್ಗಿಸಿ, ಮೇಲಿನ ಪೊರೆಯನ್ನು ಗಟ್ಟಿ ಮಾಡಿ, ಬಿರುಕು ಬಿಡದಂತೆ ನೋಡಿಕೊಳ್ಳುತ್ತದೆ. ಕೆಲವರಲ್ಲಿ ಗಡ್ಡೆ ತುಸು ಕುಗ್ಗುವುದೂ ಉಂಟು, ಆದರೆ ಸುಣ್ಣಗಟ್ಟಿದ ಭಾಗ ಮಾಯವಾಗುವುದಿಲ್ಲ. ಒಂದೆರಡು ತಿಂಗಳ ನಂತರ ಎಲ್‌ಡಿಎಲ್ ಮತ್ತೆ ನೋಡಿಸಿ. 70ಕ್ಕೆ ಇಳಿಯದಿದ್ದರೆ ಪ್ರಮಾಣ ಹೆಚ್ಚಿಸುವುದೋ ಎಜೆಟಿಮೈಬ್ ಎಂಬ ಇನ್ನೊಂದು ಕೊಲೆಸ್ಟರಾಲ್ ಮಾತ್ರೆ ಸೇರಿಸುವುದೋ ವೈದ್ಯರು ನಿರ್ಧರಿಸುತ್ತಾರೆ. ಮೈಕೈ ನೋವು ಬಂದರೆ ತಾವಾಗಿಯೇ ನಿಲ್ಲಿಸದೆ ತಿಳಿಸಿ, ಪ್ರಮಾಣ ಅಥವಾ ಔಷಧ ಬದಲಿಸಿದರೆ ಬಹಳಷ್ಟು ಜನರಿಗೆ ಹೊಂದಿಕೊಳ್ಳುತ್ತದೆ. ಸ್ನಾಯುಗಳ ತೀವ್ರ ನೋವಿನೊಂದಿಗೆ ಮೂತ್ರ ಕಪ್ಪು ಕಾಫಿಯ ಬಣ್ಣಕ್ಕೆ ತಿರುಗಿದರೆ ಮಾತ್ರ ಮಾತ್ರೆ ನಿಲ್ಲಿಸಿ ಅಂದೇ ಆಸ್ಪತ್ರೆಗೆ ಹೋಗಬೇಕು. ಅದು ಬಹಳ ಅಪರೂಪ.

ಒಂದೇ ಒಂದು ವಿಷಯಕ್ಕೆ ಗಮನ ಕೊಡಲು ಸಾಧ್ಯ ಎಂದು ನೀವು ಹೇಳಿದರೆ ನಾನು ರಕ್ತದೊತ್ತಡವನ್ನೇ ಆರಿಸುತ್ತೇನೆ. ತಲೆಭಾರ ಅನ್ನಿಸಿದ ದಿನ ಮಾತ್ರ ಮಾತ್ರೆ ತೆಗೆದುಕೊಳ್ಳುವುದು ಕೆಲವೊಮ್ಮೆ ತೆಗೆದುಕೊಳ್ಳದೇ ಇರುವುದಕ್ಕಿಂತ ಉತ್ತಮವಲ್ಲ, ಏಕೆಂದರೆ ಒತ್ತಡದ ಏರುಪೇರು ಕೂಡ ನಾಳಗಳಿಗೆ ಹೊಡೆತವೇ. ದೊಡ್ಡ ನಾಳದ ಗಡ್ಡೆಗೂ, ವರದಿಯಲ್ಲಿ ಹೇಳಿರುವ ಸಣ್ಣ ನಾಳಗಳ ಬದಲಾವಣೆಗೂ ಸಾಮಾನ್ಯವಾದ ಬಹುದೊಡ್ಡ ಕಾರಣ ಇದು. ಗುರಿ ಸುಮಾರು 130/80. ನಾಳ ಕಿರಿದಾಗಿರುವಾಗ ಒತ್ತಡ ಇಳಿಸಿದರೆ ಮೆದುಳಿಗೆ ರಕ್ತ ಸಾಲದಾಗುತ್ತದೆಂದು ಹಿಂದೆ ಹಿಂಜರಿಯುತ್ತಿದ್ದರು, ಆದರೆ ಅಂಥ ರೋಗಿಗಳಲ್ಲಿಯೇ ಒತ್ತಡ ಹೆಚ್ಚಿದ್ದವರಿಗೆ ಪಾರ್ಶ್ವವಾಯು ಹೆಚ್ಚಾಗಿ ಆಗಿದೆ. ಹಾಗೆಂದು ಎರಡು ದಿನದಲ್ಲಿ ಇಳಿಸುವಂತಿಲ್ಲ, ವಾರಗಳ ಅವಧಿಯಲ್ಲಿ ನಿಧಾನವಾಗಿ ಇಳಿಸಬೇಕು. ಮನೆಗೆ ತೋಳಿಗೆ ಕಟ್ಟುವ ಡಿಜಿಟಲ್ ಯಂತ್ರವೊಂದನ್ನು ತನ್ನಿ. ಬೆಳಿಗ್ಗೆ ಮಾತ್ರೆಗೆ ಮೊದಲು, ಕಾಫಿಗೂ ಹೊಗೆಸೊಪ್ಪಿಗೂ ಮೊದಲು, ತಂದೆಯವರು ಬೆನ್ನಿಗೆ ಆಧಾರವಿರುವ ಕುರ್ಚಿಯಲ್ಲಿ ಪಾದಗಳನ್ನು ನೆಲಕ್ಕೆ ಊರಿ ಐದು ನಿಮಿಷ ಮಾತಾಡದೆ ಕೂರಲಿ. ಪಟ್ಟಿಯನ್ನು ಬರಿ ತೋಳಿಗೆ ಕಟ್ಟಿ, ತೋಳನ್ನು ಎದೆಯ ಮಟ್ಟಕ್ಕೆ ಮೇಜಿನ ಮೇಲಿರಿಸಿ, ಒಂದು ನಿಮಿಷದ ಅಂತರದಲ್ಲಿ ಎರಡು ಬಾರಿ ನೋಡಿ ಎರಡನ್ನೂ ಬರೆದಿಡಿ. ಅನಂತರ ಎದ್ದು ನಿಂತು ಒಂದರಿಂದ ಮೂರು ನಿಮಿಷದೊಳಗೆ ಮತ್ತೊಮ್ಮೆ ನೋಡಬೇಕು. ಮೇಲಿನ ಅಂಕಿ 20ಕ್ಕಿಂತ ಹೆಚ್ಚು ಕುಸಿದರೆ ವೈದ್ಯರಿಗೆ ತಿಳಿಸಿ, ಏಕೆಂದರೆ ಸಕ್ಕರೆ ಕಾಯಿಲೆಯ ಹಿರಿಯರಲ್ಲಿ ಇದು ಬಹಳ ಸಾಮಾನ್ಯ, ಬಿದ್ದು ಸೊಂಟ ಮುರಿದುಕೊಳ್ಳುವುದಕ್ಕೂ ಇದೇ ದಾರಿ. ಅಂಕಿ ಚೆನ್ನಾಗಿ ಬಂದಿದೆಯೆಂದು ಅಂದಿನ ಮಾತ್ರೆ ಬಿಡಬಾರದು. ಚೆನ್ನಾಗಿ ಬಂದಿರುವುದು ನಿನ್ನೆಯ ಮಾತ್ರೆಯಿಂದ.

ಉಪ್ಪು ದಿನಕ್ಕೆ ಒಂದು ಟೀ ಚಮಚ, ಅಂದರೆ 5 ಗ್ರಾಂ ದಾಟಬಾರದು. ಸಾರಿಗೆ ಉಪ್ಪು ಕಡಿಮೆ ಮಾಡಿ ತಟ್ಟೆಯ ಬದಿಗೆ ಉಪ್ಪಿನಕಾಯಿ, ಹಪ್ಪಳ, ಚಟ್ನಿಪುಡಿ ಬಡಿಸಿದರೆ ಲೆಕ್ಕ ಅಲ್ಲಿಗಲ್ಲಿಗೇ ಆಗುತ್ತದೆ. ಪೊಟ್ಯಾಶಿಯಂ ಬೆರೆಸಿದ ಉಪ್ಪು ಪಾರ್ಶ್ವವಾಯುವನ್ನು ಕಡಿಮೆ ಮಾಡುತ್ತದೆ ಎಂದು 2021ರ ಚೀನಾದ ದೊಡ್ಡ ಅಧ್ಯಯನ ತೋರಿಸಿದೆ, ಆದರೆ ಮೂತ್ರಪಿಂಡ ದುರ್ಬಲವಾಗಿದ್ದರೆ ಅಥವಾ ಬಿಪಿಗೆ ಟೆಲ್ಮಿಸಾರ್ಟನ್, ರಾಮಿಪ್ರಿಲ್‌ನಂಥ ಮಾತ್ರೆ ನಡೆಯುತ್ತಿದ್ದರೆ ರಕ್ತಪರೀಕ್ಷೆ ಮಾಡಿಸದೆ ಅದನ್ನು ಬಳಸಬೇಡಿ. ಬೇಕರಿ ತಿಂಡಿಯ ವನಸ್ಪತಿ, ಮತ್ತೆ ಮತ್ತೆ ಕಾಯಿಸಿದ ಎಣ್ಣೆ ಬೇಡ. ಸೊಪ್ಪು, ಕಾಳು, ಶೇಂಗಾ ಇರಲಿ. ಜೋಳವಾಗಲಿ ರಾಗಿಯಾಗಲಿ ಸಕ್ಕರೆ ಕಾಯಿಲೆಯವರಿಗೆ ಪ್ರಮಾಣವೇ ಮುಖ್ಯ. ಹೊಗೆಸೊಪ್ಪಿನ ಬಗ್ಗೆ ನನ್ನಲ್ಲಿ ರಿಯಾಯಿತಿ ಇಲ್ಲ, ಸೇದಿದರೂ ಜಗಿದರೂ ಅದು ರಕ್ತನಾಳಕ್ಕೆ ಶತ್ರುವೇ. ಐವತ್ತು ವರ್ಷದ ಅಭ್ಯಾಸವನ್ನು ಗದರಿಸಿ ಬಿಡಿಸಲಾಗದು, ನಿಕೋಟಿನ್ ಗಮ್ ಮತ್ತು ಆಪ್ತಸಮಾಲೋಚನೆಯ ಸಹಾಯ ಪಡೆಯಿರಿ. ಸಕ್ಕರೆಯ ಮೂರು ತಿಂಗಳ ಸರಾಸರಿ ಶೇ 7ರ ಆಸುಪಾಸಿನಲ್ಲಿದ್ದರೆ ಸಾಕು. ಅದಕ್ಕಿಂತ ಬಿಗಿ ಮಾಡಲು ಹೋಗಿ ಸಕ್ಕರೆ ಕುಸಿದರೆ ಮೆದುಳಿಗೇ ಹಾನಿ.

ಮರೆವಿನ ವಿಚಾರದಲ್ಲಿ ಆತುರದ ತೀರ್ಮಾನ ಬೇಡ. ಸಣ್ಣ ನಾಳಗಳ ಹಾನಿಯಿಂದ ಬರುವ ಮರೆವಿನಲ್ಲಿ ಹೆಸರು ಮರೆಯುವುದಕ್ಕಿಂತ ಯೋಚನೆ ನಿಧಾನವಾಗುವುದು, ಬ್ಯಾಂಕಿನ ಲೆಕ್ಕದಲ್ಲಿ ತಡವರಿಸುವುದು, ಯಾವುದರಲ್ಲಿಯೂ ಉತ್ಸಾಹವಿಲ್ಲದಿರುವುದು, ನಡಿಗೆ ಪುಟ್ಟ ಹೆಜ್ಜೆಯಾಗುವುದು ಮುಂಚಿತವಾಗಿ ಕಾಣುತ್ತವೆ. ಮೊದಲು ವಿಟಮಿನ್ ಬಿ12 ಮತ್ತು ಥೈರಾಯ್ಡ್ ಪರೀಕ್ಷೆ ಮಾಡಿಸಿ. ಸಸ್ಯಾಹಾರಿಗಳಲ್ಲಿ, ಅದರಲ್ಲೂ ಸಕ್ಕರೆಗೆ ಮೆಟ್‌ಫಾರ್ಮಿನ್ ತೆಗೆದುಕೊಳ್ಳುವವರಲ್ಲಿ, ಬಿ12 ಕೊರತೆ ತೀರಾ ಸಾಮಾನ್ಯ, ಸರಿಪಡಿಸುವುದೂ ಸುಲಭ. ಕಿವಿ ಮಂದವಾಗಿದೆಯೇ, ನಿವೃತ್ತಿಯ ನಂತರ ಮನಸ್ಸು ಖಿನ್ನವಾಗಿದೆಯೇ, ರಾತ್ರಿ ಜೋರಾಗಿ ಗೊರಕೆ ಹೊಡೆದು ಉಸಿರು ಕಟ್ಟುತ್ತದೆಯೇ ಎಂಬುದನ್ನೂ ಗಮನಿಸಿ. ತಲೆಸುತ್ತಿಗೆಂದು ಸಿನರಿಜಿನ್ ಅಥವಾ ಫ್ಲುನಾರಿಜಿನ್ ಮಾತ್ರೆಯನ್ನು ವರ್ಷಗಟ್ಟಲೆ ನುಂಗುವ ಹಿರಿಯರು ನಮ್ಮಲ್ಲಿ ಬಹಳ ಮಂದಿ. ಅದರಿಂದಲೇ ಕೈನಡುಕ, ಜಡತ್ವ, ಮಂಕುತನ ಬರಬಹುದು. ಮೆದುಳಿನ ಟಾನಿಕ್ ಎಂದು ಬರೆಯುವ ಮಾತ್ರೆಗಳ ಬಗ್ಗೆ ನನಗೆ ಒಲವಿಲ್ಲ. ಗಿಂಕೊ ಮರೆವಿನ ಕಾಯಿಲೆಯನ್ನು ತಡೆಯುವುದಿಲ್ಲ ಎಂಬುದು 2008ರಲ್ಲಿ ದೊಡ್ಡ ಪ್ರಯೋಗದಿಂದ ತಿಳಿದಿದೆ. ಇದಕ್ಕೆ ಪ್ರತಿಯಾಗಿ, ಬಿಪಿಯನ್ನು ಬಿಗಿಯಾಗಿ ನಿಯಂತ್ರಿಸಿದವರಲ್ಲಿ ಆರಂಭಿಕ ಹಂತದ ಮರೆವು ಕಡಿಮೆ ಎಂದು 2019ರ ಅಮೆರಿಕದ ಅಧ್ಯಯನ ತೋರಿಸಿತು. ಅದರಲ್ಲಿದ್ದವರಿಗೆ ಮಧುಮೇಹವಾಗಲಿ ಹಿಂದಿನ ಪಾರ್ಶ್ವವಾಯುವಾಗಲಿ ಇರಲಿಲ್ಲ, ನಿಜ. ಆದರೂ ಅಷ್ಟು ಭರವಸೆ ಬೇರೆ ಯಾವ ಟಾನಿಕ್ಕಿನಿಂದಲೂ ಸಿಕ್ಕಿಲ್ಲ.

ಮತ್ತೆ ಅಂಥದ್ದೇ ಆದರೆ, ಅಂದರೆ ಬಾಯಿ ಸೊಟ್ಟಗಾದರೆ, ಒಂದು ಕೈ ಅಥವಾ ಕಾಲು ಸೋತರೆ, ಮಾತು ತೊದಲಿದರೆ, ದೃಷ್ಟಿ ಇಲ್ಲವೇ ಸಮತೋಲನ ಹಠಾತ್ತನೆ ತಪ್ಪಿದರೆ, ಸರಿಹೋಗುತ್ತದೆಂದು ಕಾಯಬೇಡಿ. ಕೊನೆಯ ಬಾರಿ ಸರಿಯಾಗಿದ್ದ ಸಮಯವನ್ನು ಬರೆದಿಟ್ಟುಕೊಂಡು 108ಕ್ಕೆ ಕರೆ ಮಾಡಿ, ಸಿಟಿ ಸ್ಕ್ಯಾನ್ ಇರುವ ಆಸ್ಪತ್ರೆಗೇ ನೇರವಾಗಿ ಹೋಗಿ. ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡಲು ಇರುವುದು ಸಾಮಾನ್ಯವಾಗಿ ನಾಲ್ಕೂವರೆ ಗಂಟೆ. ದೊಡ್ಡ ನಾಳದ ಹೆಪ್ಪನ್ನು ತಂತಿಯಿಂದ ಹೊರತೆಗೆಯುವ ಚಿಕಿತ್ಸೆಯನ್ನು ಆಯ್ದ ಕೆಲವರಿಗೆ 24 ಗಂಟೆಯವರೆಗೂ ಮಾಡಬಹುದು, ಆದರೆ ಕಳೆದ ಪ್ರತಿ ನಿಮಿಷಕ್ಕೂ ನಷ್ಟವಿದೆ. ಬಾಯಿಗೆ ನೀರು, ಕಾಫಿ, ಮಾತ್ರೆ ಏನನ್ನೂ ಹಾಕಬೇಡಿ, ನುಂಗಲಾಗದೆ ಶ್ವಾಸಕೋಶಕ್ಕೆ ಇಳಿಯಬಹುದು. ಇನ್ನೊಂದು ಆ್ಯಸ್ಪಿರಿನ್ ಕೂಡ ಬೇಡ, ಅದು ಹೆಪ್ಪೋ ರಕ್ತಸ್ರಾವವೋ ಸ್ಕ್ಯಾನ್ ಆಗುವವರೆಗೂ ತಿಳಿಯದು. ಬಿಪಿ ಹೆಚ್ಚಿದೆಯೆಂದು ನಾಲಿಗೆಯಡಿಗೆ ಮಾತ್ರೆ ಇಡುವುದೂ ಅಪಾಯ. ಲಕ್ವಕ್ಕೆ ಎಣ್ಣೆ ಹಚ್ಚಿಸಲೆಂದೋ ನಾಟಿ ಔಷಧ ಕೊಡಿಸಲೆಂದೋ ಬೇರೆ ಊರಿಗೆ ಹೊರಟವರು ದಾರಿಯಲ್ಲಿ ಕಳೆದುಕೊಳ್ಳುವುದು ಈ ನಾಲ್ಕೂವರೆ ಗಂಟೆಯನ್ನೇ.

ಎಂಆರ್‌ಐಯನ್ನು ಆರು ತಿಂಗಳಿಗೊಮ್ಮೆ ಮಾಡಿಸುವ ಅಗತ್ಯವಿಲ್ಲ, ಹೊಸ ಲಕ್ಷಣ ಕಂಡರೆ ಮಾತ್ರ ಸಾಕು. ಬಿಪಿಯ ಪುಸ್ತಕ, ಎಲ್‌ಡಿಎಲ್, ಸಕ್ಕರೆಯ ಸರಾಸರಿ, ಮೂತ್ರಪಿಂಡದ ಪರೀಕ್ಷೆ, ಇವನ್ನು ಪ್ರತಿ ಭೇಟಿಗೂ ತೆಗೆದುಕೊಂಡು ಹೋಗಿ. ಮುಂದೆ ಎಂದಾದರೂ ಹಲ್ಲು ಕೀಳಿಸುವಾಗ ಅಥವಾ ಕಣ್ಣಿನ ಪೊರೆಯ ಆಪರೇಶನ್ ಸಮಯದಲ್ಲಿ ಆ್ಯಸ್ಪಿರಿನ್ ಒಂದು ವಾರ ನಿಲ್ಲಿಸಿ ಎಂದು ಯಾರಾದರೂ ಹೇಳಿದರೆ, ನಿಲ್ಲಿಸುವ ಮೊದಲು ನರರೋಗ ತಜ್ಞರನ್ನು ಕೇಳಿ. ಇವೆರಡಕ್ಕೂ ಸಾಮಾನ್ಯವಾಗಿ ಅದನ್ನು ನಿಲ್ಲಿಸಬೇಕಾಗಿಲ್ಲ.